ಕೌದಿಗೆ ಬಾರದ ಸೀರೆ

ಅವ್ವನ ವರ್ಷಾಂತಿಕ ಮುಗಿದ ಮೇಲೆ ಅವಳ ಟ್ರಂಕನ್ನು ನಾನೂ ತಂಗಿಯೂ ಕೂಡಿ ತೆಗೆದೆವು. ಬಂಗಾರವೇನೂ ಇರಲಿಲ್ಲ. ಇದ್ದ ಚೂರುಪಾರನ್ನು ಅವಳೇ ಬದುಕಿದ್ದಾಗ ಹಂಚಿ ಕೈತೊಳೆದುಕೊಂಡಿದ್ದಳು. ಟ್ರಂಕಿನಲ್ಲಿದ್ದದ್ದು ಸೀರೆಗಳು, ನುಸಿಗುಳಿಗೆಯ ವಾಸನೆ ಮತ್ತು ಯಾವ ಕಾಲದ್ದೋ ಎರಡು ಪಂಚಾಂಗ. ತಂಗಿ, "ಯಾರಿಗರೆ ಕೊಟ್ಟಬಿಡೂಣು ಅಕ್ಕಾ, ಇಟಗೊಂಡು ಏನ ಮಾಡೂದೈತಿ?" ಎಂದಳು. ನನಗೆ ಮನಸ್ಸು ಬರಲಿಲ್ಲ. ನನ್ನ ಮಗಳಿಗೆ ಆಗ ಆರನೆಯ ತಿಂಗಳು. ಅವ್ವನ ಸೀರೆಗಳಿಂದ ಹುಟ್ಟುವ ಕೂಸಿಗೊಂದು ಕೌದಿ ಹೊಲಿಸೋಣ ಎಂದೆ.

ಕೌದಿ ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ: ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚೂರು ಕೂಡಿಸಿ, ಅಂಚಿನಿಂದ ನಡುವಿನತನಕ ಸಾಲು ಸಾಲಾಗಿ ಕೈಹೊಲಿಗೆ ಹಾಕಿ ಮಾಡುವ ಹೊದಿಕೆ. ಧಾರವಾಡದಲ್ಲಿ ಇದನ್ನು ಹೊಲಿಯುವ ಹೆಂಗಸರು ಇನ್ನೂ ಇದ್ದಾರೆ. ನಮ್ಮ ಓಣಿಗೆ ಬರುವಾಕೆಗೆ ಎಪ್ಪತ್ತರ ಮೇಲಾಗಿರಬೇಕು. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, "ತರ್ರಿ ಅಕ್ಕೋರ, ಏನೇನೈತಿ ನೋಡೂಣು" ಎಂದಳು.

ಬಣ್ಣ ನೋಡಿ ಆರಿಸುತ್ತಾಳೆ ಎಂದು ನಾನು ತಿಳಿದಿದ್ದೆ. ಆಕೆ ಒಂದೊಂದೇ ಸೀರೆಯ ಮೂಲೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ತಿಕ್ಕಿದಳು. ಕೆಲವಕ್ಕೆ ಅಂಚಿನಿಂದ ಒಂದು ಎಳೆ ಕಿತ್ತು, ನಾಲಿಗೆಗೆ ತಾಕಿಸಿ ಜಗ್ಗಿ ಹರಿದಳು. ಹಾಗೆ ಮಾಡುತ್ತ ಮಾಡುತ್ತ ನನ್ನ ಮುಂದೆ ಮೂರು ಗುಡ್ಡೆ ಹಾಕಿದಳು. ಮೊದಲನೆಯದು ಹತ್ತಿ. "ಇವು ಒಳಗ." ಎರಡನೆಯದು ರೇಶಿಮೆ. "ಇವನ್ನ ಕತ್ತರಸಬ್ಯಾಡ್ರಿ, ಮೊಮ್ಮಗಳಿಗೆ ಬರತಾವ." ಮೂರನೆಯದು ಚಮಕಾ. "ಇವು ಮ್ಯಾಲಿನ ಚೂರಿಗೆ ಅಷ್ಟ. ಒಳಗ ಹಾಕಿದರ ಒಗಿಯೂಮುಂದ ಹರೀತಾವ." ಕೊನೆಗೆ ಒಂದೇ ಒಂದು ಸೀರೆ ಉಳಿಯಿತು. ನೀಲಿ ಬಣ್ಣದ್ದು, ಬಿಳಿ ಹೂವಿನದು. ಅದನ್ನು ಬೆರಳಿನಿಂದ ತಿಕ್ಕಬೇಕಾಗಿಯೂ ಇರಲಿಲ್ಲ. ಸೆರಗಿನ ತುದಿ ಕರಗಿ, ಕರ್ರಗೆ ಗಂಟುಗಟ್ಟಿ ನಿಂತಿತ್ತು. "ಇದು ಕೌದ್ಯಾಗ ಬರೂದಿಲ್ರಿ ಅಕ್ಕೋರ. ಸೂಜಿ ಜಾರತೈತಿ, ಬೆವರ ಹೀರೂದಿಲ್ಲ. ಕೂಸಿನ ಮೈಗೆ ಇದು ಬ್ಯಾಡ."

ತಂಗಿ ನನ್ನ ಮುಖ ನೋಡಿದಳು. ಆ ಸೀರೆಯ ಕಥೆಗೆ ಆಮೇಲೆ ಬರುತ್ತೇನೆ.

ನಾನು ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿರುವವಳು. ಕೈಗಾರಿಕಾ ಕ್ರಾಂತಿಯ ಪಾಠ ಬಂದಾಗಲೆಲ್ಲ ಹಾರ್ಗ್ರೀವ್ಸನ ಸ್ಪಿನ್ನಿಂಗ್ ಜೆನ್ನಿ 1764, ಆರ್ಕ್‌ರೈಟನ ವಾಟರ್ ಫ್ರೇಮ್ 1769, ಕ್ರಾಂಪ್ಟನನ ಮ್ಯೂಲ್ 1779 ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. 'ಹೊಂದಿಸಿ ಬರೆಯಿರಿ' ಪ್ರಶ್ನೆಗೆ ಇದರಷ್ಟು ಅನುಕೂಲದ ಪಾಠ ಇನ್ನೊಂದಿಲ್ಲ. ಆದರೆ ಹದಿನೈದು ವರ್ಷದೊಳಗೆ ಒಂದೇ ಕೆಲಸಕ್ಕೆ ಮೂರು ಯಂತ್ರ ಏಕೆ ಬೇಕಾದವು ಎಂದು ಯಾವ ಹುಡುಗಿಯೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಪಡಸಾಲೆಯಲ್ಲಿ ಆ ಮೂರು ಗುಡ್ಡೆ ನೋಡಿದ ಮೇಲೆ ಪುಸ್ತಕ ತೆಗೆದು ಓದಿದೆ. ಮೂರೂ ಬೇರೆ ಬೇರೆ ನೂಲು ಕೊಡುತ್ತಿದ್ದವು. ಜೆನ್ನಿಯ ನೂಲು ಮೆತ್ತಗೆ, ಬಲ ಕಡಿಮೆ. ಅಡ್ಡ ಹಾಯುವ ಹೊಕ್ಕಿಗಷ್ಟೇ ಬರುತ್ತಿತ್ತು. ಮಗ್ಗದ ಮೇಲೆ ಬಿಗಿದು ಕಟ್ಟುವ ಹಾಸಿಗೆ ಅದು ತಡೆಯುತ್ತಿರಲಿಲ್ಲವಾದ್ದರಿಂದ ಇಂಗ್ಲೆಂಡಿನ ಹತ್ತಿ ಬಟ್ಟೆಗೂ ಹಾಸು ನಾರಿನದೇ ಇರುತ್ತಿತ್ತು. ವಾಟರ್ ಫ್ರೇಮ್ ಬಿಗಿಯಾಗಿ ಹುರಿಗೊಂಡ ನೂಲು ಕೊಟ್ಟಿತು, ಹಾಸಿಗೂ ಹತ್ತಿ ಸಿಕ್ಕಿತು. ಆದರೆ ಅದು ಒರಟು. ಸಣ್ಣಗಾಗಿಯೂ ಗಟ್ಟಿಯಾಗಿಯೂ ಇರುವ ನೂಲು ಬಂದದ್ದು ಮ್ಯೂಲ್‌ನಿಂದ. ಅಲ್ಲಿಂದ ಮುಂದೆ ಭಾರತದ ಮಲಮಲ್ಲಿಗೆ ಪೈಪೋಟಿ ಶುರುವಾಯಿತು. ಇಷ್ಟು ಸರಳ ವಿಷಯವನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳದೆ ಇಸವಿಗಳನ್ನಷ್ಟೇ ಕೊಟ್ಟೆನಲ್ಲ ಎಂದು ನಾಚಿಕೆಯಾಯಿತು.

ಹುರಿ ಎಂದೆನಲ್ಲ, ಅದನ್ನು ತಿಳಿಯಲು ಮಿಲ್ಲಿಗೆ ಹೋಗಬೇಕಾಗಿಲ್ಲ. ದೇವರ ಮುಂದಿನ ದೀಪಕ್ಕೆ ಬತ್ತಿ ಹೊಸೆಯುವ ಎಲ್ಲ ಹೆಂಗಸರಿಗೂ ಅದು ಗೊತ್ತು. ಅರಳೆಯನ್ನು ಸುಮ್ಮನೆ ಜಗ್ಗಿದರೆ ಬಿಟ್ಟುಕೊಳ್ಳುತ್ತದೆ. ಹತ್ತಿಯ ಒಂದೊಂದು ಎಳೆಯೂ ಒಂದು ಇಂಚಿನ ಆಚೀಚೆ, ಒಂದಕ್ಕೊಂದು ಕಟ್ಟುಬಿದ್ದಿಲ್ಲ. ಅದನ್ನೇ ಅಂಗೈಯಲ್ಲಿ ಹೊಸೆದಾಗ ಎಳೆಗಳು ಒಂದನ್ನೊಂದು ಅಪ್ಪಿ ಹಿಡಿಯುತ್ತವೆ. ಹೊಸೆತ ಕಡಿಮೆಯಾದರೆ ಬತ್ತಿ ಕೈಯಲ್ಲೇ ಬಿಚ್ಚುತ್ತದೆ. ಹೆಚ್ಚಾದರೆ ನೋಡಲು ಚಂದ, ನೆಟ್ಟಗೆ ನಿಲ್ಲುತ್ತದೆ, ಎಣ್ಣೆ ಮಾತ್ರ ಏರುವುದಿಲ್ಲ, ದೀಪ ಮಂಕಾಗುತ್ತದೆ. ನೂಲಿನ ಕಥೆಯೂ ಇದೇ. ಸಡಿಲ ಹುರಿಯ ನೂಲಿನ ಬಟ್ಟೆ ಮೆತ್ತಗಿರುತ್ತದೆ, ನೀರು ಬೆವರು ಬೇಗ ಹೀರುತ್ತದೆ, ಬೇಗ ಸವೆಯುತ್ತದೆ. ಟವೆಲ್ಲಿನ ಕುಣಿಕೆಗಳು ಇಂಥ ನೂಲಿನವು. ಬಿಗಿ ಹುರಿಯ ಸಣ್ಣ ನೂಲಿನ ಬಟ್ಟೆ ತಂಪಾಗಿ, ತುಸು ಗರಿಗರಿಯಾಗಿ, ಮೈಗೆ ಅಂಟದೆ ನಿಲ್ಲುತ್ತದೆ. ಬೇಸಿಗೆಯಲ್ಲಿ ನಾವು ಹುಡುಕಿಕೊಂಡು ಹೋಗುವ ವಾಯಿಲ್ ಸೀರೆ ಈ ಜಾತಿಯದು. ಎರಡು ಎಳೆ ಕೂಡಿಸಿ ಮತ್ತೆ ಹುರಿಗೊಳಿಸಿದರೆ ಇನ್ನೂ ಗಟ್ಟಿ. ಒಂದು ಎಳೆಯಲ್ಲಿ ತೆಳುವಾದ ಜಾಗವನ್ನು ಇನ್ನೊಂದು ಎಳೆ ಸಾವರಿಸಿಕೊಳ್ಳುತ್ತದೆ.

ಅಂಗಡಿಯವರು 'ಎಂಬತ್ತು ನಂಬರ್, ನೂರು ನಂಬರ್' ಎನ್ನುವುದನ್ನು ನೀವೂ ಕೇಳಿರಬೇಕು. ಅದು 840 ಗಜದ ಲಡಿಗಳ ಲೆಕ್ಕ. ಒಂದು ಪೌಂಡ್ ನೂಲಿನಲ್ಲಿ ಅಂಥ ಎಷ್ಟು ಲಡಿ ಬರುತ್ತವೋ ಅಷ್ಟು ನಂಬರು. ನಂಬರು ಹೆಚ್ಚಿದಷ್ಟೂ ನೂಲು ಸಣ್ಣ. ನೂರು ನಂಬರಿನ ಒಂದು ಪೌಂಡ್ ನೂಲನ್ನು ಬಿಚ್ಚಿ ಎಳೆದರೆ 84,000 ಗಜ, ಅಂದರೆ 76 ಕಿಲೋಮೀಟರಿಗೂ ಮಿಕ್ಕಿ. ಧಾರವಾಡದಲ್ಲಿ ಒಂದು ತುದಿ ಹಿಡಿದರೆ ಇನ್ನೊಂದು ಹೆಚ್ಚುಕಡಿಮೆ ಬೆಳಗಾವಿ ಮುಟ್ಟೀತು. ನಮ್ಮ ಎಂಟನೆಯ ತರಗತಿಯವರಿಗೆ ಈ ಲೆಕ್ಕ ಮಾಡಿಸಿದೆ, ಗಣಿತದ ಮೇಷ್ಟ್ರಿಗೆ ಸ್ವಲ್ಪ ಮುನಿಸು ಬಂತು.

ಮೊದಲ ಗುಡ್ಡೆಯ ಅಡಿಯಲ್ಲಿ ಆಯಿಯ, ಅಂದರೆ ಅವ್ವನ ತಾಯಿಯ, ಒಂದು ಖಾದಿ ಸೀರೆ ಇತ್ತು. ಗೋಣಿಯಷ್ಟು ದಪ್ಪ. ಕೈಯಲ್ಲಿ ನೂತ ನೂಲು ಒಂದೆಡೆ ಉಬ್ಬು, ಒಂದೆಡೆ ತೆಳುವು. ಬೆಳಕಿಗೆ ಹಿಡಿದರೆ ಮೋಡದ ಹಾಗೆ ಕಾಣುತ್ತದೆ. ಆಯಿ ಬೈಲಹೊಂಗಲ ಕಡೆಯ ಹಳ್ಳಿಯವಳು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಆದಾಗ ಅವಳ ಅಪ್ಪ ಚಕ್ಕಡಿ ಕಟ್ಟಿಕೊಂಡು ಹೋಗಿದ್ದನಂತೆ. ಕಾಂಗ್ರೆಸ್ಸಿನ ಸದಸ್ಯನಾಗಲು ದುಡ್ಡಿನ ಬದಲು ತಿಂಗಳಿಗೆ 2,000 ಗಜ ನೂಲು ಕೊಡಬೇಕು ಎಂದು ಗೊತ್ತಾದದ್ದು ಆ ಅಧಿವೇಶನದಲ್ಲಿ. ಇಪ್ಪತ್ತು ನಂಬರಿನ ನೂಲಾದರೆ 2,000 ಗಜ 54 ಗ್ರಾಂ ತೂಗುತ್ತದೆ, ಐದು ತೊಲವೂ ಇಲ್ಲ. ಆದರೆ ಕೈಯಲ್ಲಿ ನೂಲುವವಳಿಗೆ ಗೊತ್ತು ಅದು ಎಷ್ಟು ರಾತ್ರಿಗಳ ಕೆಲಸವೆಂದು. ತಾನು ನೂಲಲಾಗದವನು, ನೂಲಲು ಮನಸ್ಸಿಲ್ಲದವನು, ಬೇರೆಯವರು ನೂತದ್ದನ್ನು ಕೊಡಬಹುದು ಎಂಬ ರಿಯಾಯಿತಿಯೂ ಆ ಠರಾವಿನಲ್ಲಿತ್ತು. ಆಯಿ ನಗುತ್ತ ಹೇಳುತ್ತಿದ್ದಳು: "ನಮ್ಮವ್ವ ನೂತಳು, ನಮ್ಮಪ್ಪ ಮೆಂಬರ್ ಆದ." ಮರುವರ್ಷವೇ ಆ ಕರಾರು ಸಡಿಲಾಯಿತು. ರಾಟಿ ಮಾತ್ರ ಆ ಮನೆಯಲ್ಲಿ ಉಳಿಯಿತು.

ಆಯಿಯ ಕೈಗೆ ಸಿಗುತ್ತಿದ್ದದ್ದು ನಮ್ಮ ಎರೆಭೂಮಿಯ ಜವಾರಿ ಹತ್ತಿ. ಅದರ ಎಳೆ ಒಂದು ಇಂಚಿಗಿಂತ ಗಿಡ್ಡ. ರಾಟಿಯ ಮುಂದೆ ಕೂತ ಹೆಂಗಸಿನ ಬೆರಳು ಗಿಡ್ಡ ಎಳೆಯನ್ನೂ ಸಮಾಧಾನದಿಂದ ಹಂಜಿಯಿಂದ ಜಗ್ಗಿ ಕದಿರಿಗೆ ಕೊಡುತ್ತದೆ. ಮ್ಯಾಂಚೆಸ್ಟರಿನ ಯಂತ್ರಕ್ಕೆ ಆ ಸಮಾಧಾನ ಎಲ್ಲಿಯದು? ಅದಕ್ಕೆ ಉದ್ದ ಎಳೆಯ ಅಮೆರಿಕದ ಹತ್ತಿಯೇ ಬೇಕು. ಅದಕ್ಕಾಗಿ ಕಂಪನಿ ಸರಕಾರ 1840ರ ದಶಕದಲ್ಲಿ ನ್ಯೂ ಓರ್ಲಿಯನ್ಸ್ ಬೀಜ ತಂದು ಧಾರವಾಡ ಜಿಲ್ಲೆಯ ಹೊಲಗಳಲ್ಲಿ ಬಿತ್ತಿಸಿತು. ಇಲ್ಲಿಗೆ ಒಗ್ಗಿದ ಆ ತಳಿಗೆ 'ಧಾರವಾಡ ಅಮೆರಿಕನ್' ಎಂದೇ ಹೆಸರಾಯಿತು. 1861ರಿಂದ 65ರತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಾಶೈರಿನ ಮಿಲ್ಲುಗಳಿಗೆ ಅಲ್ಲಿಯ ಹತ್ತಿ ನಿಂತುಹೋಗಿ, ನಮ್ಮ ಹತ್ತಿಯ ಬೆಲೆ ಗಗನಕ್ಕೇರಿತು. ಧಾರವಾಡದ ಹತ್ತಿಯನ್ನು ಕಾರವಾರ ಬಂದರಿಗೆ ಇಳಿಸಲು ಘಟ್ಟದ ರಸ್ತೆಗಳ ಕೆಲಸಕ್ಕೆ ಅವಸರ ಬಿದ್ದದ್ದೂ ಆಗಲೇ. ಯುದ್ಧ ಮುಗಿಯಿತು, ಬೆಲೆ ಬಿತ್ತು. ಅಲ್ಲಿ ಗುಲಾಮರ ಬಿಡುಗಡೆಗೆ ನಡೆದ ಕಾಳಗ ಇಲ್ಲಿ ನಮ್ಮ ಮುತ್ತಜ್ಜಂದಿರನ್ನು ಸಾಲಕ್ಕೆ ತಳ್ಳಿತೆಂದು ಪಾಠ ಮಾಡುವಾಗ ಮಕ್ಕಳು ನಂಬುವುದೇ ಇಲ್ಲ.

1887ರಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಮಿಲ್ಲು ತಿರುಗತೊಡಗಿತು. ಮಿಲ್ಲಿನ ನೂಲು ಸಮ, ಗಟ್ಟಿ, ಅಗ್ಗ. ನಮ್ಮ ನೇಕಾರರು ಮೊದಲು ಹಾಸಿಗೆ, ಆಮೇಲೆ ಹೊಕ್ಕಿಗೂ ಅಂಥ ನೂಲನ್ನೇ ಹಿಡಿದರು. ಅದರಿಂದ ಮಗ್ಗ ಉಳಿಯಿತು, ರಾಟಿ ಮೂಲೆ ಸೇರಿತು. ನೇಯುವವನ ಹೊಟ್ಟೆಯ ಲೆಕ್ಕ ನೋಡಿದರೆ ತಪ್ಪೆನ್ನಲಾರೆ. ಆದರೆ ನೂಲುತ್ತಿದ್ದವರೆಲ್ಲ ಹೆಂಗಸರು ಎಂಬುದನ್ನು ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ.

ಆ ಉದ್ದ ಎಳೆಯ ಆಸೆ ಕೊನೆಗೆ ತೀರಿದ್ದು ನಮ್ಮ ಧಾರವಾಡದಲ್ಲೇ ಎಂಬುದು ನನಗೆ ಹೆಮ್ಮೆ. 1972ರಲ್ಲಿ ಇಲ್ಲಿಯ ಸಂಶೋಧನಾ ಕೇಂದ್ರದವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 'ವರಲಕ್ಷ್ಮಿ' ಎಂಬ ತಳಿ ಬಿಡುಗಡೆ ಮಾಡಿದರು. 1981ರಲ್ಲಿ 'ಜಯಲಕ್ಷ್ಮಿ' ಬಂತು. ಅದರ ಎಳೆ 32 ಮಿಲಿಮೀಟರು ಮೀರಿದ್ದು, ಅತಿ ಸಣ್ಣ ನೂಲಿಗೆ ಹೇಳಿ ಮಾಡಿಸಿದ್ದು. ಎಳೆ ಉದ್ದವಾದಷ್ಟೂ ಅವು ಒಂದನ್ನೊಂದು ಹಿಡಿಯುವ ಜಾಗ ಹೆಚ್ಚು. ಆದ್ದರಿಂದ ಕಡಿಮೆ ಹುರಿಗೂ ನೂಲು ಗಟ್ಟಿ ನಿಲ್ಲುತ್ತದೆ, ಹೊರಗೆ ಚಾಚುವ ತುದಿಗಳು ಕಡಿಮೆ, ಬಟ್ಟೆಗೆ ಹೊಳಪು. ಹತ್ತಿಗೆ ಲಕ್ಷ್ಮಿಯ ಹೆಸರಿಟ್ಟವರು ಯಾರೋ ಮನೆಯ ಹೆಂಗಸರನ್ನು ಕೇಳಿಯೇ ಇಟ್ಟಿರಬೇಕು ಎಂದು ನನ್ನ ಊಹೆ.

ಎರಡನೆಯ ಗುಡ್ಡೆಯಲ್ಲಿ ಇದ್ದದ್ದು ಮೈಸೂರು ಕ್ರೇಪ್, ಒಂದೇ. ಗಿಣಿ ಹಸಿರು. ಅಪ್ಪನಿಗೆ ಸಂಬಳದ ಬಾಕಿ ಬಂದಾಗ ಬೆಂಗಳೂರಿನಿಂದ ತಂದದ್ದು. ರೇಶಿಮೆಯದು ಹತ್ತಿಗಿಂತ ಬೇರೆ ಕುಲ. ಒಂದು ಗೂಡಿನ ಎಳೆ ಒಂದೇ ಸಮನೆ ನೂರಾರು ಮೀಟರು, ಒಮ್ಮೊಮ್ಮೆ ಸಾವಿರ ಮೀಟರಿನತನಕ ಬಿಚ್ಚುತ್ತದೆ. ಅದಕ್ಕೆ ನಿಲ್ಲಲು ಹುರಿ ಬೇಕಾಗಿಯೇ ಇಲ್ಲ. ಬೇಕಿಲ್ಲದ ಹುರಿಯನ್ನು ಬೇಕೆಂದೇ ಕೊಟ್ಟು ಮಾಡಿದ ಚಮತ್ಕಾರವೇ ಕ್ರೇಪು. ಹೊಕ್ಕಿನ ಎಳೆಗೆ ಮೀಟರಿಗೆ 2,000ಕ್ಕೂ ಮಿಕ್ಕಿ ಸುತ್ತು ಹಾಕುತ್ತಾರೆ. ಕೆಲವು ಎಳೆಗೆ ಬಲಕ್ಕೆ, ಕೆಲವಕ್ಕೆ ಎಡಕ್ಕೆ. ಎರಡು ಬಲದ್ದು, ಎರಡು ಎಡದ್ದು ಎಂದು ಸರದಿಯಂತೆ ನೇಯುತ್ತಾರೆ. ಮಗ್ಗದಿಂದ ಇಳಿದಾಗ ಬಟ್ಟೆ ಚಪ್ಪಟೆಯಾಗಿಯೇ ಇರುತ್ತದೆ. ಆಮೇಲೆ ಬಿಸಿ ಸಾಬೂನು ನೀರಿನಲ್ಲಿ ರೇಶಿಮೆಯ ಅಂಟು ತೆಗೆದಾಗ, ಕಟ್ಟಿಹಾಕಿದ್ದ ಹುರಿಗೆಲ್ಲ ಜೀವ ಬಂದು ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ ಬಿಚ್ಚಿಕೊಳ್ಳಲು ಒದ್ದಾಡುತ್ತವೆ. ಬಟ್ಟೆ ತುಸು ಸೇದಿಕೊಂಡು ಮರಳಿನ ಕಣದಂಥ ಸಣ್ಣ ಸುಕ್ಕು ಏಳುತ್ತದೆ. ಉಟ್ಟರೆ ನೀರಿನ ಹಾಗೆ ಜೋಲುವುದು, ಮಡಿಕೆಯ ಗೆರೆ ನಿಲ್ಲದಿರುವುದು ಎಲ್ಲ ಈ ಒದ್ದಾಟದಿಂದಲೇ. ಹಾಸು ಹೊಕ್ಕು ಎರಡಕ್ಕೂ ಇಂಥ ಹುರಿ ಕೊಟ್ಟರೆ ಜಾರ್ಜೆಟ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಜರ್ಲೆಂಡಿನಿಂದ ಮಗ್ಗ ತರಿಸಿ ಮೈಸೂರಿನಲ್ಲಿ ರೇಶಿಮೆ ನೇಯ್ಗೆ ಕಾರ್ಖಾನೆ ಹಾಕಿದರು. 1980ರಿಂದ ಅದು ರಾಜ್ಯದ ರೇಶಿಮೆ ಉದ್ಯಮಗಳ ನಿಗಮದ ಕೈಯಲ್ಲಿದೆ.

ಈ ಒದ್ದಾಟ ನನಗೆ ಗೊತ್ತಾದದ್ದು ಪುಸ್ತಕಕ್ಕಿಂತ ಮೊದಲೇ. ನೌಕರಿ ಸೇರಿದ ವರ್ಷ ಅವ್ವನ ಆ ಹಸಿರು ಸೀರೆ ಉಟ್ಟುಕೊಂಡು ಹೋಗಿ, ಮಳೆಯಲ್ಲಿ ತೊಯ್ದು, ಕೆಸರು ಹೋಗಲೆಂದು ಬಿಸಿನೀರಿಗೆ ಹಾಕಿದೆ. ಒಣಗಿದ ಮೇಲೆ ನೋಡಿದರೆ ಸೀರೆಯ ಉದ್ದ ಹಾಗೇ ಇತ್ತು, ಅಗಲ ನಾಲ್ಕು ಬೆರಳು ಕಡಿಮೆಯಾಗಿತ್ತು. ಹುರಿಯೆಲ್ಲ ಹೊಕ್ಕಿನಲ್ಲಿರುವುದರಿಂದ ಕುಗ್ಗುವುದೂ ಅಗಲದಲ್ಲೇ. ಅವ್ವ ಬೈಯಲಿಲ್ಲ. ನೀರು ಚಿಮುಕಿಸಿ, ಒಂದು ಅಂಚು ನನ್ನ ಕೈಗೆ ಕೊಟ್ಟು, ಇನ್ನೊಂದು ತಾನು ಹಿಡಿದು ಜಗ್ಗಿಸಿ, ಹಸಿ ಇದ್ದಾಗಲೇ ಇಸ್ತ್ರಿ ಹಾಕಿದಳು. ಮೂರು ಬೆರಳು ಹಿಂದಕ್ಕೆ ಬಂತು. "ಇನ್ನೊಂದ ಬೆರಳ ನಿನಗ ಬಿಟ್ಟೆ, ನೆನಪ ಇರಲಿ" ಎಂದಳು.

ಮೂರನೆಯ ಗುಡ್ಡೆ ಚಮಕಾದ್ದು. ಇಳಕಲ್ ಸೀರೆ ಉಡುವವರಿಗೆ ಈ ಮಾತು ಗೊತ್ತು. ಇಳಕಲ್ಲಿನ ಒಡಲು ಹತ್ತಿ, ಸೆರಗು ರೇಶಿಮೆ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿ, ಕೆಂಪು ಸೆರಗಿನಲ್ಲಿ ಬಿಳಿಯ ಗೋಪುರದಂಥ ತೋಪು ತೆನೆ ಎಬ್ಬಿಸುತ್ತಾರೆ. ರೇಶಿಮೆ ಕೊಳ್ಳಲಾಗದ ಮನೆಗಳಿಗೆಂದು ಅದೇ ಹೊಳಪಿನ ಕೃತಕ ರೇಶಿಮೆ, ಅಂದರೆ ರೇಯಾನ್, ಬಂತು. ಅದೇ ಚಮಕಾ. ನಮ್ಮ ಅವ್ವನ ಬಳಿ ಇದ್ದ ನಾಲ್ಕು ಇಳಕಲ್ಲಿನಲ್ಲಿ ಮೂರು ಚಮಕಾದವು.

ಒಗೆಯುವಾಗ ಹರಿಯುತ್ತದೆ ಎಂದು ಕೌದಿಯಾಕೆ ಹೇಳಿದ್ದು ಅಕ್ಷರಶಃ ನಿಜ. ಹತ್ತಿಯ ನೂಲು ತೊಯ್ದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೇ ಅದನ್ನು ಕಲ್ಲಿಗೆ ಎತ್ತೆತ್ತಿ ಒಗೆದರೂ ತಡೆಯುತ್ತದೆ. ರೇಯಾನ್ ತೊಯ್ದರೆ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಎಂಜಲು ಹಚ್ಚಿ ಎಳೆ ಜಗ್ಗುವ ಆಕೆಯ ಪರೀಕ್ಷೆಯ ಮರ್ಮವೂ ಇದೇ.

ರೇಯಾನಿನ ಮೂಲ ಕಟ್ಟಿಗೆ. ಕಟ್ಟಿಗೆಯ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ, ಸಣ್ಣ ತೂತುಗಳಿಂದ ಶ್ಯಾವಿಗೆಯ ಹಾಗೆ ಒತ್ತಿ ಎಳೆ ಮಾಡುತ್ತಾರೆ. ಆ ತಿರುಳು 1970ರ ದಶಕದಿಂದ ಹರಿಹರದ ಹತ್ತಿರ ತುಂಗಭದ್ರೆಯ ದಂಡೆಯಲ್ಲೂ ತಯಾರಾಗುತ್ತ ಬಂದಿದೆ. ಅದಕ್ಕೆ ನೀಲಗಿರಿ ಮರ ಬೇಕೆಂದು 1980ರ ದಶಕದಲ್ಲಿ ನಮ್ಮ ಜಿಲ್ಲೆಗಳ ಗೋಮಾಳ, ಗುಡ್ಡಗಳನ್ನು ನೀಲಗಿರಿ ನೆಡಲು ಒಂದು ಕಂಪನಿಗೆ ವಹಿಸಿಕೊಟ್ಟಾಗ ಊರವರು ಎದ್ದು ನಿಂತರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹದಲ್ಲಿ ಜನ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. ಆ ಕಂಪನಿ ಕೆಲವು ವರ್ಷಗಳಲ್ಲಿ ಮುಚ್ಚಿಹೋಯಿತು. ನಾನು ಆಗ ಕಾಲೇಜು ಹುಡುಗಿ. ಪೇಪರಿನಲ್ಲಿ ಓದಿ ಸಿಟ್ಟಾಗಿದ್ದೆ. ನೀಲಗಿರಿಗೂ ಸೀರೆಯ ಹೊಳಪಿಗೂ ನಂಟಿದೆ ಎಂದು ಆಗ ಹೊಳೆದಿರಲಿಲ್ಲ.

ಇನ್ನು ಆ ನೀಲಿ ಸೀರೆ.

1981. ನಾನು ಆರನೆಯ ಇಯತ್ತೆ. ಶಾಲೆಯ ಗ್ಯಾದರಿಂಗಿನಲ್ಲಿ ನನ್ನದೊಂದು ಹಾಡಿತ್ತು. ನನ್ನ ಜೊತೆಯವರ ತಾಯಂದಿರೆಲ್ಲ ಹೂವಿನ ನೈಲೆಕ್ಸ್, ಟೆರಿಲಿನ್ ಸೀರೆ ಉಟ್ಟು ಬರುತ್ತಿದ್ದರು. ಅವ್ವನದು ಯಾವಾಗಲೂ ಇಳಕಲ್ಲು, ಇಲ್ಲವೆ ಗಂಜಿ ಹಾಕಿದ ನೂಲಿನ ಸೀರೆ. ನನಗೆ ನಾಚಿಕೆ. ಹೊಸ ಥರದ ಸೀರೆ ಉಟ್ಟುಕೊಂಡು ಬಾರದಿದ್ದರೆ ನೀನು ಬರಲೇಬೇಡ ಎಂದು ಅತ್ತು ಕರೆದು ರಂಪ ಮಾಡಿದೆ. ಅಪ್ಪ ಕಂತಿನ ಮೇಲೆ ಆ ನೀಲಿ ಸೀರೆ ತಂದರು. ಅವ್ವ ಉಟ್ಟು ಬಂದು ಎರಡನೆಯ ಸಾಲಿನಲ್ಲಿ ಕೂತಳು. ನನ್ನ ಹಾಡು ಮುಗಿಯಿತು. ಮನೆಗೆ ಬಂದಾಗ ಕತ್ತಲಾಗಿತ್ತು, ಅಪ್ಪನಿಗೆ ಹಸಿವು. ಸೀರೆ ಬದಲಿಸದೆ ಅವ್ವ ಪಂಪಿನ ಸ್ಟೋವ್ ಹಚ್ಚಿದಳು.

ಹತ್ತಿ ಉರಿಯುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಉರಿದು ಬೂದಿಯಾಗಿ ಉದುರುತ್ತದೆ. ರೇಶಿಮೆ ಕೂದಲು ಸುಟ್ಟ ವಾಸನೆ ಹೊಡೆದು ಬಹುಮಟ್ಟಿಗೆ ತಾನೇ ಆರುತ್ತದೆ. ಪಾಲಿಯೆಸ್ಟರ್ ಮಾತ್ರ ಮೊದಲು ಕುಗ್ಗುತ್ತದೆ, ಕರಗುತ್ತದೆ, ಕಾದ ಬೆಲ್ಲದ ಪಾಕದ ಹಾಗೆ ಮೈಗೆ ಅಂಟಿಕೊಳ್ಳುತ್ತದೆ. ಸೆರಗಿಗೆ ಬೆಂಕಿ ಹತ್ತಿದಾಗ ಅವ್ವ ಎಡಗೈಯಿಂದ ಅದನ್ನು ಹಿಸುಕಿ ಆರಿಸಲು ಹೋದಳು. ಅಪ್ಪ ಕಂಬಳಿ ಸುತ್ತಿದರು. ಮಣಿಕಟ್ಟಿನಿಂದ ಮೊಣಕೈತನಕ ಚರ್ಮಕ್ಕೆ ಮೆತ್ತಿದ್ದ ನೀಲಿಯನ್ನು ಆಸ್ಪತ್ರೆಯಲ್ಲಿ ಚಿಮಟಿಗೆಯಿಂದ ಕಿತ್ತು ತೆಗೆದರು. ಆ ಕೂಗು ನಾನು ಹೊರಗಿನ ಬೆಂಚಿನ ಮೇಲೆ ಕೂತು ಕೇಳಿದೆ.

ಎರಡು ತಿಂಗಳಿಗೆ ಅವ್ವ ಮನೆಗೆ ಬಂದಳು. ನನ್ನ ಹಟದ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಮನೆಯಲ್ಲಿ ಒಂದೇ ಒಂದು ಕಟ್ಟಳೆ ಬಂತು: ಒಲೆಯ ಮುಂದೆ ನೂಲಿನ ಸೀರೆ. ಆ ನೀಲಿ ಸೀರೆಯನ್ನು ಎಸೆದಿದ್ದಾಳೆಂದೇ ನಾನು ನಲವತ್ತು ವರ್ಷ ತಿಳಿದಿದ್ದೆ.

ಇಷ್ಟಾದ ಮೇಲೂ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಾನು ನೌಕರಿ ಮಾಡಿದ್ದು ಪಾಲಿಯೆಸ್ಟರ್ ಸೀರೆಯಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಅಡಿಗೆ, ಮಕ್ಕಳ ಡಬ್ಬಿ, ಅತ್ತೆಯ ಔಷಧಿ ಮುಗಿಸಿ ಎಂಟೂವರೆಯ ಬಸ್ಸು ಹಿಡಿಯುವವಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವ ಪುರಸೊತ್ತು ಎಲ್ಲಿ? ರಾತ್ರಿ ಹಿಂಡಿ ಹಾಕಿದರೆ ಮುಂಜಾನೆ ಗರಿಗರಿ. ಹತ್ತಿ ತನ್ನ ತೂಕದ ನೂರಕ್ಕೆ ಎಂಟು ಪಾಲಿನಷ್ಟು ತೇವವನ್ನು ಗಾಳಿಯಿಂದಲೇ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಪಾಲೂ ಹಿಡಿಯುವುದಿಲ್ಲ. ಬೇಗ ಒಣಗುವುದಕ್ಕೂ ಬೇಸಿಗೆಯಲ್ಲಿ ಬೆನ್ನು ಬೇಯುವುದಕ್ಕೂ ಕಾರಣ ಒಂದೇ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ಕಂಡುಹಿಡಿದ ಈ ಎಳೆ ನಮ್ಮಂಥ ನೌಕರಿಯ ಹೆಂಗಸರಿಗೆ ದಿನಕ್ಕೆ ಅರ್ಧ ಗಂಟೆ ಉಳಿಸಿಕೊಟ್ಟಿದೆ. ಖಾದಿಯ ಬಗ್ಗೆ ಭಾಷಣ ಮಾಡುವ ಗಂಡಸರು ಆ ಖಾದಿಯನ್ನು ತಾವೇ ಒಗೆದು ಇಸ್ತ್ರಿ ಮಾಡಿದ್ದನ್ನು ನಾನು ಕಂಡಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ನಮ್ಮ ಧಾರವಾಡ ತಾಲೂಕಿನ ಗರಗದಲ್ಲಿ ರಾಷ್ಟ್ರಧ್ವಜದ ಬಟ್ಟೆ ನೇಯುತ್ತಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ತಯಾರಾಗುತ್ತದೆ. ನೂಲುವವರು, ಹೊಲಿಯುವವರು ಬಹುತೇಕ ಹೆಂಗಸರು. ಧ್ವಜ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆಯದೇ ಆಗಿರಬೇಕೆಂಬ ನಿಯಮ 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಸಡಿಲವಾಯಿತು. ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಒಪ್ಪಿಗೆ ಸಿಕ್ಕಿತು. 2022ರ ಆಗಸ್ಟಿನಲ್ಲಿ ಮನೆಮನೆಗೆ ಹಂಚಲು ನಮ್ಮ ಶಾಲೆಗೆ ಒಂದು ಕಟ್ಟು ಬಂತು. ಮುಟ್ಟಿದ ಕೂಡಲೇ ಬೆರಳಿಗೆ ಗೊತ್ತಾಯಿತು. ಹಂಚಿದೆ. ಹಿಂದಿನಿಂದ ಇದ್ದ ಖಾದಿ ಬಾವುಟವನ್ನು ತೊಳೆದು, ಮಡಿಚಿ, ಶಾಲೆಯ ಕಪಾಟಿನಲ್ಲಿಟ್ಟು ಬೀಗದ ಕೈ ನನ್ನ ಬಳಿ ಇಟ್ಟುಕೊಂಡಿದ್ದೇನೆ. ಶಾಲೆಯ ಕಂಬಕ್ಕೆ ಈಗಲೂ ಅದೇ ಏರುತ್ತದೆ. ನಾನು ನಿವೃತ್ತಳಾದ ಮೇಲೆ ಏನೋ.

ಕೌದಿ ಹತ್ತು ದಿನ ಹಿಡಿಯಿತು. ಒಳಗೆ ಆಯಿಯ ಖಾದಿ, ಅದರ ಮೇಲೆ ಅವ್ವನ ಎರಡು ನೂಲಿನ ಸೀರೆ, ಮೇಲೆ ಚಮಕಾದ ಚೂರುಗಳು. ಆಕೆ ಸೂಜಿಗೆ ದಾರ ಪೋಣಿಸುವ ಮುಂಚೆ ಪ್ರತಿಸಲವೂ ತುದಿಯನ್ನು ಎರಡು ಬೆರಳಲ್ಲಿ ಹೊಸೆಯುತ್ತಿದ್ದಳು. ಕೊನೆಯ ದಿನ, ಕೂಲಿ ಕೊಟ್ಟು ಚಹಾ ಕ

ುಡಿಸುವಾಗ, ಮೂಲೆಯಲ್ಲಿದ್ದ ನೀಲಿ ಸೀರೆ ತೋರಿಸಿ, "ಇದನ್ನೇನ ಮಾಡ್ತೀರಿ?" ಎಂದಳು.

"ಗೊತ್ತಿಲ್ಲವಾ. ಎಸಿಯಾಕ ಮನಸ್ಸಿಲ್ಲ, ಇಟಗೊಳ್ಳಾಕೂ ಆಗವಲ್ದು" ಎಂದೆ. ಯಾರಿಗೂ ಹೇಳದ ಆ ಗ್ಯಾದರಿಂಗಿನ ಮಾತನ್ನು, ನನ್ನ ಹಟವನ್ನು, ಏಕೋ ಅವಳ ಮುಂದೆ ಹೇಳಿಬಿಟ್ಟೆ. ತಂಗಿಗೂ ಅದು ಗೊತ್ತಿರಲಿಲ್ಲ.

ಆಕೆ ಸುಮ್ಮನೆ ಕೇಳಿದಳು. ಚಹಾದ ಬಟ್ಟಲು ಕೆಳಗಿಟ್ಟು, "ಕತ್ರಿ ಕೊಡ್ರಿ" ಎಂದಳು. ಸುಟ್ಟ ತುದಿಯನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟಳು. ಉಳಿದದ್ದನ್ನು ಉದ್ದಕ್ಕೆ ಎರಡು ಸೀಳಾಗಿ ಹರಿದಳು. "ಹಿಡೀರಿ ಒಂದ ತುದಿ. ನೀವು ಬಲಕ್ಕ ತಿರುವ್ರಿ, ನಾನೂ ನನ್ನ ಬಲಕ್ಕ ತಿರುವತೀನಿ." ಎದುರುಬದುರು ನಿಂತು ಒಂದೊಂದೇ ಸೀಳನ್ನು ತಿರುವಿದೆವು. ಅದು ಬಿಗಿಯಾಗಿ, ಗಂಟುಗಂಟಾಗಿ ಮೇಲೇಳತೊಡಗಿದಾಗ ತಂಗಿಗೆ ಹಿಡಿಯಲು ಹೇಳಿದಳು. ಎರಡೂ ಹುರಿಯಾದ ಮೇಲೆ ಅವುಗಳ ತುದಿ ಕೂಡಿಸಿ ಎಡಕ್ಕೆ ಬಿಟ್ಟಳು. ಎರಡೂ ಒಂದರ ಮೈಗೊಂದು ಸುತ್ತಿಕೊಂಡು ಹಗ್ಗವಾಗಿ ನಿಂತವು.

ಹಿತ್ತಲಿನ ಎರಡು ಕಂಬಗಳಿಗೆ ಅದನ್ನು ಕಟ್ಟಿದ್ದೇವೆ. ಮಗಳು ಹೆಣ್ಣು ಹಡೆದಳು. ಕೂಸಿನ ಬಟ್ಟೆ, ವಾರಕ್ಕೊಮ್ಮೆ ಆ ಕೌದಿ, ಎಲ್ಲ ಅದರ ಮೇಲೆಯೇ ಒಣಗುತ್ತವೆ. ಒಂದು ಮಳೆಗಾಲ ಪೂರ್ತಿ ತೊಯ್ದರೂ ಹಗ್ಗ ಇನ್ನೂ ಜೋತುಬಿದ್ದಿಲ್ಲ.